ವಾಹನದ ಸಸ್ಪೆನ್ಷನ್ ಬಿಡಿಭಾಗಗಳ ಬದಲಾವಣೆ: ಮಾಲೀಕರು ತಿಳಿದಿರಬೇಕಾದ ಅಂಶಗಳು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ವಿಜಯನಗರ ಜಿಲ್ಲೆಯ ಮೇಲ್ಕಂಡ ಐದು ತಾಲ್ಲೂಕುಗಳಲ್ಲಿ ಜೀಪು, ಪಿಕಪ್ ಹಾಗೂ ಲಘು ಸರಕು ವಾಹನಗಳು ಕೃಷಿಕರ ಮತ್ತು ಸಣ್ಣ ವ್ಯಾಪಾರಸ್ಥರ ದೈನಂದಿನ ಸಾಧನಗಳಾಗಿವೆ. ಹಡಗಲಿಯ ಮಲ್ಲಿಗೆ, ಕೂಡ್ಲಿಗಿ ಭಾಗದ ಶೇಂಗಾ, ಹರಪನಹಳ್ಳಿಯ ಮೆಕ್ಕೆಜೋಳ ಮೊದಲಾದ ಉತ್ಪನ್ನಗಳು ಹೊಲದ ದಾರಿಯಿಂದ ಮಾರುಕಟ್ಟೆಯವರೆಗೆ ಈ ವಾಹನಗಳಲ್ಲಿಯೇ ಸಾಗುತ್ತವೆ. ಗುಡೇಕೋಟೆ ಸುತ್ತಲಿನ ಕಲ್ಲುದಾರಿಗಳಲ್ಲಿಯೂ, ಮಳೆಗಾಲದ ಎರೆಮಣ್ಣಿನ ರಸ್ತೆಗಳಲ್ಲಿಯೂ ವಾಹನದ ತಳಭಾಗ ನೆಲಕ್ಕೆ ತಾಗುವುದು, ಸ್ಪ್ರಿಂಗ್ ಪಟ್ಟಿಗಳು ಮುರಿಯುವುದು ಸಾಮಾನ್ಯ. ಈ ಕಾರಣದಿಂದ ಕೆಲವು ಮಾಲೀಕರು ಮಾರುಕಟ್ಟೆಯಲ್ಲಿ ದೊರೆಯುವ ಹೆಚ್ಚುವರಿ ಪಟ್ಟಿ, ಎತ್ತರದ ಶ್ಯಾಕಲ್, ಉದ್ದನೆಯ ಶಾಕ್ ಅಬ್ಸಾರ್ಬರ್ ಇತ್ಯಾದಿಗಳನ್ನು ತಂದು ಮನೆಯ ಅಂಗಳದಲ್ಲಿಯೇ ಜೋಡಿಸಿಕೊಳ್ಳುತ್ತಾರೆ.

ಸವೆದ ಭಾಗವನ್ನು ಅದೇ ಮಾದರಿಯ ಹೊಸ ಭಾಗದಿಂದ ಬದಲಾಯಿಸುವುದು ದುರಸ್ತಿ. ವಾಹನದ ಎತ್ತರ ಅಥವಾ ಹೊರೆಯ ಸ್ವರೂಪವನ್ನೇ ಬದಲಾಯಿಸುವುದು ಮಾರ್ಪಾಡು. ಇವೆರಡರ ನಡುವಣ ವ್ಯತ್ಯಾಸ, ಮಾರ್ಪಾಡಿನಿಂದ ಒದಗುವ ಅಪಾಯ, ಕಾಯ್ದೆಯ ನಿಬಂಧನೆಗಳು ಮತ್ತು ದುರಸ್ತಿಯ ವೇಳೆ ಅನುಸರಿಸಬೇಕಾದ ಎಚ್ಚರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

2. ಹೆಚ್ಚುವರಿ ಪಟ್ಟಿಯಿಂದ ಆಗುವುದೇನು?

ಪಟ್ಟಿಯ ಸಂಖ್ಯೆ ಹೆಚ್ಚಿದಂತೆ ಸ್ಪ್ರಿಂಗಿನ ಬಿಗಿತ ಹೆಚ್ಚುತ್ತದೆ. ಒಂದೇ ಅಳತೆಯ ಐದು ಪಟ್ಟಿಗಳಿಗೆ ಅಂಥದೇ ಇನ್ನೊಂದು ಪಟ್ಟಿ ಸೇರಿದರೆ ಬಿಗಿತ ಸುಮಾರು ಐದನೇ ಒಂದು ಭಾಗದಷ್ಟು ಏರುತ್ತದೆ. ಪಟ್ಟಿಯ ದಪ್ಪದ ಪರಿಣಾಮ ಇದಕ್ಕಿಂತಲೂ ಹೆಚ್ಚು. ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 7 ಮಿ.ಮೀ. ಪಟ್ಟಿಯ ಬದಲು 8 ಮಿ.ಮೀ. ಪಟ್ಟಿ ಬಳಸಿದರೆ ಆ ಪಟ್ಟಿಯ ಬಿಗಿತ ಸುಮಾರು ಒಂದೂವರೆ ಪಟ್ಟಾಗುತ್ತದೆ. ನೋಡಲು ಒಂದೇ ಬಗೆಯಾಗಿ ಕಾಣುವ ಪಟ್ಟಿಗಳು ವಾಹನದ ನಡೆಯನ್ನು ಸಂಪೂರ್ಣವಾಗಿ ಬದಲಾಯಿಸಬಲ್ಲವು.

ಪಟ್ಟಿ ಸೇರಿಸಿದ ವಾಹನವು ಹೊರೆ ಹೇರಿದಾಗ ಕುಸಿಯುವುದಿಲ್ಲ. ಇದರಿಂದ ವಾಹನದ ಸಾಮರ್ಥ್ಯವೇ ಹೆಚ್ಚಿತೆಂಬ ಭಾವನೆ ಮೂಡುವುದು ಸಹಜ. ಆದರೆ ಆಕ್ಸಲ್, ಚಕ್ರದ ಬೇರಿಂಗ್, ಟೈರು, ಚಾಸಿ ಮತ್ತು ಬ್ರೇಕುಗಳು ಹಿಂದಿನಂತೆಯೇ ಉಳಿದಿರುತ್ತವೆ. ಪಟ್ಟಿಯು ವಾಹನವನ್ನು ಎತ್ತಿ ಹಿಡಿಯುತ್ತದೆಯೇ ಹೊರತು ಅದನ್ನು ನಿಲ್ಲಿಸುವ ಶಕ್ತಿಯನ್ನು ಕೊಡುವುದಿಲ್ಲ. ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾದ ಒಟ್ಟು ತೂಕವು ಎಷ್ಟೇ ಪಟ್ಟಿ ಸೇರಿಸಿದರೂ ಹೆಚ್ಚುವುದಿಲ್ಲ.

3. ಬ್ರೇಕಿನ ಮೇಲೆ ಪರಿಣಾಮ

ಹಲವು ಲಘು ಸರಕು ವಾಹನಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಸಣ್ಣ ಸರಳೊಂದರ ಮೂಲಕ ಚಲಿಸುವ ಬ್ರೇಕ್ ವಾಲ್ವ್ ಇರುತ್ತದೆ. ಹೊರೆ ಹೆಚ್ಚಿ ವಾಹನದ ಹಿಂಭಾಗ ಕುಸಿದಾಗ ಈ ವಾಲ್ವ್ ಹಿಂದಿನ ಚಕ್ರಗಳ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ವಾಹನ ಖಾಲಿ ಇದ್ದು ಹಿಂಭಾಗ ಎತ್ತರದಲ್ಲಿದ್ದಾಗ, ಹಿಂದಿನ ಚಕ್ರಗಳು ಜಾಮ್ ಆಗಿ ಜಾರದಿರಲೆಂದು ಒತ್ತಡವನ್ನು ತಗ್ಗಿಸುತ್ತದೆ.

ಹೆಚ್ಚುವರಿ ಪಟ್ಟಿ ಅಥವಾ ಎತ್ತರದ ಶ್ಯಾಕಲ್ ಅಳವಡಿಸಿದಾಗ, ಪೂರ್ಣ ಹೊರೆ ಇದ್ದರೂ ವಾಹನದ ಹಿಂಭಾಗ ಎತ್ತರದಲ್ಲಿಯೇ ನಿಲ್ಲುತ್ತದೆ. ಆಗ ಈ ವಾಲ್ವ್ ವಾಹನ ಖಾಲಿ ಇರುವಂತೆಯೇ ವರ್ತಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸಿಯೇ ಇಡುತ್ತದೆ. ಪರಿಣಾಮವಾಗಿ ಹೊರೆ ಅತ್ಯಧಿಕವಾಗಿರುವ ಸಮಯದಲ್ಲಿಯೇ ಬ್ರೇಕ್ ದುರ್ಬಲವಾಗುತ್ತದೆ. ಹೊಲದ ದಾರಿಯಲ್ಲಿ ನಿಧಾನವಾಗಿ ಸಾಗುವಾಗ ಈ ದೋಷ ಚಾಲಕನ ಗಮನಕ್ಕೆ ಬರುವುದಿಲ್ಲ. ಅದೇ ವಾಹನ ಕೂಡ್ಲಿಗಿಯ ಬಳಿ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಏರಿ ವೇಗವಾಗಿ ಚಲಿಸುತ್ತಿರುವಾಗ, ಮುಂದಿನ ವಾಹನ ಹಠಾತ್ತನೆ ನಿಂತ ಕ್ಷಣದಲ್ಲಿ ಅದು ಪ್ರಕಟವಾಗುತ್ತದೆ.

4. ಮಗುಚುವ ಅಪಾಯ ಮತ್ತು ಇತರೆ ಪರಿಣಾಮಗಳು

ವಾಹನ ಎತ್ತರವಾದಂತೆ ಅದರ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರ 1.4 ಮೀಟರ್, ಗುರುತ್ವ ಕೇಂದ್ರದ ಎತ್ತರ 0.70 ಮೀಟರ್ ಇರುವ ವಾಹನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗುರುತ್ವ ಕೇಂದ್ರವು ಕೇವಲ 5 ಸೆಂ.ಮೀ. ಮೇಲೇರಿದರೆ, ಮಗುಚದೆ ನಿಲ್ಲುವ ಸ್ಥಿರತೆಯ ಪ್ರಮಾಣವು ಲೆಕ್ಕಾಚಾರದಂತೆ ಸುಮಾರು ಶೇ. 7ರಷ್ಟು ಕಡಿಮೆಯಾಗುತ್ತದೆ. ಮೇಲ್ಭಾಗದಲ್ಲಿ ಚೀಲಗಳನ್ನು ಪೇರಿಸಿದ ವಾಹನದಲ್ಲಿ ಸ್ಥಿರತೆ ಮತ್ತಷ್ಟು ತಗ್ಗುತ್ತದೆ. ಸರಕಿನ ಮೇಲೆ ಕೂಲಿಕಾರರನ್ನು ಕೂರಿಸಿಕೊಂಡು ಹೋಗುವ ಸಂದರ್ಭದಲ್ಲಿ ಪ್ರಾಣಹಾನಿಯ ಸಂಭವವಿರುವುದರಿಂದ ಅಂತಹ ಸಾಗಾಟವನ್ನು ಯಾವ ಕಾರಣಕ್ಕೂ ಮಾಡಬಾರದು.

ಇದಲ್ಲದೆ, ಬ್ರೇಕ್ ಹೋಸುಗಳು ಎಳೆದಂತಾಗುವುದು, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕೀಲುಗಳು ಬೇಗ ಸವೆಯುವುದು, ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು, ಮುಂಭಾಗ ಎತ್ತರವಾದಲ್ಲಿ ಹೆಡ್‌ಲೈಟಿನ ಬೆಳಕು ಎದುರಿನ ಚಾಲಕರ ಕಣ್ಣಿಗೆ ರಾಚುವುದು ಮುಂತಾದ ದೋಷಗಳೂ ಉಂಟಾಗುತ್ತವೆ.

5. ಕಾಯ್ದೆಯ ನಿಬಂಧನೆಗಳು

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಈ ನಿರ್ಬಂಧವು 2000ನೇ ಇಸವಿಯ ತಿದ್ದುಪಡಿಯ ಮೂಲಕ ಜಾರಿಗೆ ಬಂದಿದೆ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ವ್ಯತ್ಯಾಸವನ್ನು ಸದರಿ ಕಲಂ ಮಾರ್ಪಾಡು ಎಂದು ವಿವರಿಸುತ್ತದೆ. ಇಂಧನ ಪರಿವರ್ತನಾ ಕಿಟ್ ಅಳವಡಿಕೆ, ವಿಕಲಚೇತನರಿಗೆ ಅನುಕೂಲವಾಗುವ ಬದಲಾವಣೆ ಮುಂತಾದ ಕೆಲವೇ ಸಂದರ್ಭಗಳಿಗೆ ಷರತ್ತುಬದ್ಧ ಅವಕಾಶವಿದೆ.

ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ, ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸ್ಪಷ್ಟಪಡಿಸಿದೆ.

ದಂಡನೆಗೆ ಸಂಬಂಧಿಸಿದಂತೆ, 2019ರ ತಿದ್ದುಪಡಿ ಕಾಯ್ದೆಯ ನಂತರ ಕೆಳಕಂಡ ನಿಬಂಧನೆಗಳು ಅನ್ವಯಿಸುತ್ತವೆ.

ಅ) ಕಲಂ 182ಎ(4): ಕಾಯ್ದೆಯಲ್ಲಿ ಅನುಮತಿಸದ ರೀತಿಯಲ್ಲಿ, ಬಿಡಿಭಾಗಗಳ ಅಳವಡಿಕೆಯೂ ಸೇರಿದಂತೆ, ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡೂ.

ಆ) ಕಲಂ 190(1): ದೋಷಯುಕ್ತ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸಿದಲ್ಲಿ ರೂ. 1,500 ದಂಡ. ಆ ದೋಷದಿಂದ ಅಪಘಾತವಾಗಿ ದೇಹಕ್ಕೆ ಗಾಯ ಅಥವಾ ಆಸ್ತಿಗೆ ಹಾನಿ ಉಂಟಾದಲ್ಲಿ ಮೂರು ತಿಂಗಳವರೆಗೆ ಕಾರಾವಾಸ, ಅಥವಾ ರೂ. 5,000 ದಂಡ, ಅಥವಾ ಎರಡೂ.

ಇ) ಕಲಂ 194(1): ಅನುಮತಿಸಿದ ತೂಕ ಮೀರಿದಲ್ಲಿ ರೂ. 20,000 ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡ, ಹಾಗೂ ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚ.

ಈ) ಕಲಂ 53: ಸಾರ್ವಜನಿಕರಿಗೆ ಅಪಾಯಕಾರಿ ಸ್ಥಿತಿಯಲ್ಲಿರುವ ವಾಹನದ ನೋಂದಣಿಯನ್ನು ಅಮಾನತಿನಲ್ಲಿಡಲು ಅವಕಾಶವಿದೆ.

ವಿಮೆಯ ವಿಷಯವನ್ನೂ ಮಾಲೀಕರು ಗಮನಿಸತಕ್ಕದ್ದು. ವಿಮಾ ಕರಾರು ವಾಹನದ ಬಗ್ಗೆ ಮಾಲೀಕರು ನೀಡಿದ ವಿವರಗಳನ್ನು ಆಧರಿಸಿರುತ್ತದೆ. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರದ ಪರಿಶೀಲನೆಯಲ್ಲಿ ಕಂಡುಬಂದಲ್ಲಿ, ಸ್ವಂತ ವಾಹನದ ಹಾನಿಯ ಪರಿಹಾರ ತಿರಸ್ಕೃತವಾಗುವ ಸಂಭವವಿದೆ. ಸಾಲ ಮಾಡಿ ಖರೀದಿಸಿದ ವಾಹನದ ಮೇಲೆಯೇ ಜೀವನೋಪಾಯ ನಡೆಸುವ ಕುಟುಂಬಕ್ಕೆ ಇದು ದಂಡದ ಮೊತ್ತಕ್ಕಿಂತಲೂ ದೊಡ್ಡ ನಷ್ಟವಾಗಬಲ್ಲದು.

6. ಮಾಡಬಹುದಾದ ದುರಸ್ತಿಗಳು

ತಯಾರಕರು ಆ ಮಾದರಿಗೆ ನಿಗದಿಪಡಿಸಿದ ಅಳತೆಯ ಸ್ಪ್ರಿಂಗ್ ಪಟ್ಟಿ, ಶಾಕ್ ಅಬ್ಸಾರ್ಬರ್, ಬುಷ್, ಶ್ಯಾಕಲ್ ಪಿನ್ ಮತ್ತು ಯು-ಬೋಲ್ಟುಗಳನ್ನು ಬದಲಾಯಿಸುವುದು ಸಾಧಾರಣ ದುರಸ್ತಿಯಾಗಿದ್ದು, ಇದಕ್ಕೆ ಅನುಮತಿಯ ಅವಶ್ಯಕತೆ ಇರುವುದಿಲ್ಲ. ಖರೀದಿಸುವಾಗ ಬಿಡಿಭಾಗದ ಸಂಖ್ಯೆಯನ್ನು ತಾಳೆ ನೋಡಿ, ರಸೀದಿಯನ್ನು ಪಡೆದು ಕಾಯ್ದಿರಿಸಿಕೊಳ್ಳುವುದು ಸೂಕ್ತ.

ಒಳದಾರಿಗಳಲ್ಲಿ ವಾಹನ ನೆಲಕ್ಕೆ ತಾಗುತ್ತಿದ್ದರೆ, ಮೊದಲು ಹಳೆಯ ಪಟ್ಟಿಗಳು ಬಾಗು ಕಳೆದುಕೊಂಡು ಚಪ್ಪಟೆಯಾಗಿವೆಯೇ ಎಂಬುದನ್ನು ಪರೀಕ್ಷಿಸತಕ್ಕದ್ದು. ಹಲವು ವೇಳೆ ಮೂಲ ಅಳತೆಯ ಹೊಸ ಪಟ್ಟಿಗಳನ್ನು ಹಾಕಿಸಿದ ಮಾತ್ರಕ್ಕೆ ಕಳೆದುಹೋದ ಎತ್ತರ ಮರಳಿ ದೊರೆಯುತ್ತದೆ. ಹೊರೆಯ ಅವಶ್ಯಕತೆ ನಿಜವಾಗಿಯೂ ಹೆಚ್ಚಿದ್ದಲ್ಲಿ, ಅಧಿಕ ತೂಕಕ್ಕೆ ನೋಂದಣಿಯಾಗುವ ಮಾದರಿಯ ವಾಹನವನ್ನು ಹೊಂದುವುದು, ಇಲ್ಲವೇ ಸರಕನ್ನು ಎರಡು ಬಾರಿ ಸಾಗಿಸುವುದು ಸರಿಯಾದ ಮಾರ್ಗವಾಗಿರುತ್ತದೆ.

7. ಮನೆಯಲ್ಲಿ ದುರಸ್ತಿ ಮಾಡುವಾಗ ಎಚ್ಚರಿಕೆಗಳು

1) ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ನೆಲದ ಮೇಲೆ ಉಳಿಯುವ ಚಕ್ರಗಳ ಮುಂದೆ ಮತ್ತು ಹಿಂದೆ ತಡೆ ಇಡತಕ್ಕದ್ದು. ಎರೆಮಣ್ಣಿನ ನೆಲದಲ್ಲಿ ಜಾಕಿ ಹೂತು ಓರೆಯಾಗುವುದರಿಂದ ಅಲ್ಲಿ ಈ ಕೆಲಸವನ್ನು ಕೈಗೊಳ್ಳಬಾರದು.

2) ಜಾಕಿ ಇರುವುದು ವಾಹನವನ್ನು ಎತ್ತಲು ಮಾತ್ರ. ಎತ್ತಿದ ಕೂಡಲೇ ಚಾಸಿಯ ಕೆಳಗೆ ಎರಡೂ ಬದಿಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಡಬೇಕು. ಕೇವಲ ಜಾಕಿಯ ಆಧಾರದಲ್ಲಿ, ಅಥವಾ ಇಟ್ಟಿಗೆ, ಕಲ್ಲುಗಳ ಆಧಾರದಲ್ಲಿ ನಿಂತ ವಾಹನದ ಕೆಳಗೆ ಯಾರೂ ಹೋಗಬಾರದು. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈ ಹಾಕಬಾರದು.

3) ಯು-ಬೋಲ್ಟುಗಳನ್ನು ಸಡಿಲಿಸುವ ಮೊದಲು ಆಕ್ಸಲ್‌ಗೆ ಪ್ರತ್ಯೇಕ ಜಾಕಿಯ ಆಧಾರ ಕೊಡಬೇಕು. ಇಲ್ಲದಿದ್ದಲ್ಲಿ ಆಕ್ಸಲ್ ಕೆಳಗೆ ಬಿದ್ದು ಬ್ರೇಕ್ ಹೋಸು ಹರಿಯುವ ಸಂಭವವಿದೆ.

4) ಒಮ್ಮೆ ಬಿಗಿಗೊಳಿಸಿದ ಯು-ಬೋಲ್ಟ್ ಹಿಗ್ಗಿರುವುದರಿಂದ ಅದನ್ನು ಪುನಃ ಬಳಸಬಾರದು. ಹೊಸ ಬೋಲ್ಟುಗಳನ್ನು ಕರ್ಣರೇಖೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ, ತಯಾರಕರ ಕೈಪಿಡಿಯಲ್ಲಿ ತಿಳಿಸಿದ ಬಿಗಿತಕ್ಕೆ ತರಬೇಕು.

5) ರಬ್ಬರ್ ಬುಷ್ ಇರುವ ಬೋಲ್ಟುಗಳ ಅಂತಿಮ ಬಿಗಿತವನ್ನು ವಾಹನವನ್ನು ಕೆಳಗಿಳಿಸಿ ಚಕ್ರಗಳ ಮೇಲೆ ಭಾರ ಬಿದ್ದ ನಂತರವೇ ಮಾಡಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿಗೊಳಿಸಿದಲ್ಲಿ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

6) ಪಟ್ಟಿಗಳನ್ನು ಬೆಂಕಿಯಲ್ಲಿ ಕಾಯಿಸಿ ಬಾಗಿಸುವುದು, ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡುವುದು, ಚಾಸಿಗೆ ಹೊಸ ತೂತು ಕೊರೆಯುವುದು ಸರ್ವಥಾ ಕೂಡದು. ಕಾಯಿಸಿದ ಸ್ಪ್ರಿಂಗ್ ಉಕ್ಕು ತನ್ನ ಹದ ಕಳೆದುಕೊಂಡು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯಬಹುದು.

7) ಸುರುಳಿ ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲಿ ಅಪಾರ ಬಲವನ್ನು ಹಿಡಿದಿಟ್ಟುಕೊಂಡಿರುತ್ತದೆ. ಸೂಕ್ತ ಉಪಕರಣವಿಲ್ಲದೆ ಬಿಚ್ಚಿದಲ್ಲಿ ಅದು ಸಿಡಿದು ಪ್ರಾಣಾಪಾಯ ಒದಗಬಹುದು. ಈ ಕೆಲಸವನ್ನು ಕಾರ್ಯಾಗಾರದಲ್ಲಿಯೇ ಮಾಡಿಸಬೇಕು. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರುಗಳನ್ನು ಕಾಯಿಸುವುದಾಗಲಿ ಕೊರೆಯುವುದಾಗಲಿ ಮಾಡಬಾರದು.

8) ಪಟ್ಟಿ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಒಂದೇ ಆಕ್ಸಲ್‌ನ ಎರಡೂ ಬದಿಗೆ ಜೋಡಿಯಾಗಿ ಬದಲಾಯಿಸುವುದು ಉತ್ತಮ. ನಂತರ ಖಾಲಿ ವಾಹನವನ್ನು ನಿಧಾನವಾಗಿ ಓಡಿಸಿ ಬ್ರೇಕ್ ಪರೀಕ್ಷಿಸಬೇಕು. ವೀಲ್ ಅಲೈನ್‌ಮೆಂಟ್ ಮಾಡಿಸಿ, ಕೆಲವು ದಿನಗಳ ಓಡಾಟದ ನಂತರ ಎಲ್ಲ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡತಕ್ಕದ್ದು.

8. ಈಗಾಗಲೇ ಮಾರ್ಪಾಡು ಮಾಡಿಕೊಂಡಿರುವವರು

ಹೆಚ್ಚುವರಿ ಪಟ್ಟಿ ಅಥವಾ ಎತ್ತರಿಸುವ ಭಾಗಗಳನ್ನು ಅಳವಡಿಸಿಕೊಂಡಿರುವ ಮಾಲೀಕರು ಅವುಗಳನ್ನು ತೆಗೆಸಿ, ವಾಹನವನ್ನು ಮೂಲ ಸ್ಥಿತಿಗೆ ತರುವುದು ಕ್ಷೇಮಕರ. ಬ್ರೇಕ್ ವಾಲ್ವಿನ ಸರಳನ್ನು ಯಾರಾದರೂ ಬಾಗಿಸಿದ್ದರೆ ಅಥವಾ ಕಟ್ಟಿಹಾಕಿದ್ದರೆ ಅದನ್ನು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಸರಿಪಡಿಸಿಕೊಳ್ಳಬೇಕು. ಸಾರಿಗೆ ವಾಹನಗಳ ಮಾಲೀಕರು ಅರ್ಹತಾ ಪತ್ರದ ನವೀಕರಣದ ದಿನದವರೆಗೆ ಕಾಯದೆ ಈ ಕೆಲಸವನ್ನು ಮುಗಿಸಿಕೊಳ್ಳುವುದು ಒಳಿತು. ಪರೀಕ್ಷೆಯ ದಿನ ಪಟ್ಟಿ ತೆಗೆದು ಮರುದಿನ ಪುನಃ ಹಾಕುವುದರಿಂದ ಅಪಾಯವಾಗಲಿ ಹೊಣೆಗಾರಿಕೆಯಾಗಲಿ ತಪ್ಪುವುದಿಲ್ಲ.

9. ಕಾಯ್ದೆಯಲ್ಲಿ ಅವಕಾಶವಿರುವ ಮಾರ್ಪಾಡುಗಳಿಗೆ ಅರ್ಜಿ

ಕಾಯ್ದೆಯಲ್ಲಿ ಅವಕಾಶವಿರುವ ಮಾರ್ಪಾಡುಗಳಿಗೆ ಕೆಲಸ ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯುವುದು ಸೂಕ್ತ. ಪರಿವಾಹನ್ ಜಾಲತಾಣದ ವಾಹನ ಸೇವೆಗಳ ವಿಭಾಗದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ವಾಯುಮಾಲಿನ್ಯ ತಪಾಸಣಾ ಪತ್ರ, ಸಾರಿಗೆ ವಾಹನವಾದಲ್ಲಿ ಅರ್ಹತಾ ಪತ್ರ, ಮತ್ತು ಸಾಲವಿದ್ದಲ್ಲಿ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಶುಲ್ಕವು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 81ರ ಮೇರೆಗೆ ಇರುತ್ತದೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿದ್ದು, ತರುವಾಯ ಬಳ್ಳಾರಿ ಜಿಲ್ಲೆಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಆದುದರಿಂದ ಅಲ್ಲಿನ ಹಲವು ವಾಹನಗಳು ಕೆಎ-17 ಸಂಖ್ಯೆಯನ್ನು, ಇತರೆ ತಾಲ್ಲೂಕುಗಳ ವಾಹನಗಳು ಸಾಮಾನ್ಯವಾಗಿ ಹೊಸಪೇಟೆಯ ಕೆಎ-35 ಸಂಖ್ಯೆಯನ್ನು ಹೊಂದಿವೆ. ನೋಂದಣಿ ಸಂಖ್ಯೆ ಯಾವುದೇ ಇದ್ದರೂ, ಕಲಂ 52ರಂತೆ ಮಾರ್ಪಾಡಿನ ವಿವರವನ್ನು ಮಾಲೀಕರು ವಾಸಿಸುವ ಸ್ಥಳದ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ 14 ದಿನಗಳೊಳಗೆ ವರದಿ ಮಾಡಿ, ಪ್ರಮಾಣಪತ್ರದಲ್ಲಿ ನಮೂದು ಮಾಡಿಸಿಕೊಳ್ಳತಕ್ಕದ್ದು.

ಯಾವುದೇ ಬಿಡಿಭಾಗವು ದುರಸ್ತಿಯ ವ್ಯಾಪ್ತಿಗೆ ಬರುತ್ತದೆಯೇ ಅಥವಾ ಮಾರ್ಪಾಡಿನ ವ್ಯಾಪ್ತಿಗೆ ಬರುತ್ತದೆಯೇ ಎಂಬ ಸಂದೇಹವಿದ್ದಲ್ಲಿ, ಹಣ ಕೊಟ್ಟು ಖರೀದಿಸುವ ಮುನ್ನವೇ ಸಂಬಂಧಪಟ್ಟ ಸಾರಿಗೆ ಕಚೇರಿಯ ಮೋಟಾರು ವಾಹನ ನಿರೀಕ್ಷಕರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಿ ವಿಚಾರಿಸಬಹುದಾಗಿದೆ.