ಉದ್ಯೋಗ ಮೇಳಕ್ಕೆ ಹೋದರೆ ಮಾಸಾಶನ ನಿಲ್ಲುತ್ತದೆಯೇ?

ಹಾನಗಲ್ಲಿನಲ್ಲಾಗಲಿ ಹಾವೇರಿಯಲ್ಲಾಗಲಿ, ಉದ್ಯೋಗ ಮೇಳದಲ್ಲಿ ಹೆಸರು ಬರೆಸಿದರೆ ಅಂಗವಿಕಲರ ಮಾಸಾಶನ ನಿಂತೀತು ಎಂಬ ಅಂಜಿಕೆಗೆ ಆಧಾರವಿಲ್ಲ. ಮಾಸಾಶನಕ್ಕೆ ನೋಡುವುದು ಅಂಗವೈಕಲ್ಯದ ಪ್ರಮಾಣ ಮತ್ತು ಆದಾಯ. ಮೇಳದ ಅರ್ಜಿ ಆದಾಯವಲ್ಲ. ಕೆಲಸ ಸಿಕ್ಕರೆ ಮಾತ್ರ ಲೆಕ್ಕ ಬೇರೆ. ಶೇ 75ಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ತಿಂಗಳಿಗೆ 1,400 ರೂಪಾಯಿ, ಅಂದರೆ ವರ್ಷಕ್ಕೆ 16,800. ಆದಾಯ ಮಿತಿ ವರ್ಷಕ್ಕೆ 32,000. ತಿಂಗಳಿಗೆ 10,000 ಪಗಾರ ಬಂದರೆ ನಾಲ್ಕನೇ ತಿಂಗಳಿಗೇ ಮಿತಿ ದಾಟಿತು. ಆದರೂ ವರ್ಷಕ್ಕೆ 1,20,000 ದುಡಿಯುವವರು 16,800ಕ್ಕಾಗಿ ಮನೆಯಲ್ಲಿ ಕೂರುವುದು ನಷ್ಟದ ಬಾಬ್ತು.

ಆರು ತಿಂಗಳಿಗೇ ಕೆಲಸ ಹೋದರೆ? ಈ ತಕರಾರು ಪೊಳ್ಳಲ್ಲ; ನಿಂತ ಮಾಸಾಶನಕ್ಕೆ ಮತ್ತೆ ನಾಡಕಚೇರಿ ಮೆಟ್ಟಿಲು ಹತ್ತಬೇಕು, ಅದೂ ರ‍್ಯಾಂಪ್ ಇಲ್ಲದಿದ್ದರೆ ಕೇಳುವುದೇ ಬೇಡ. ಹಾಗಾಗಿ ಕಂಪನಿಯವರ ಮೇಜಿನ ಮುಂದೆ ಪಗಾರಕ್ಕಿಂತ ಮೊದಲು ಕೇಳಿ: ಕೆಲಸ ಕಾಯಮ್ಮೋ ಗುತ್ತಿಗೆಯೋ, ಪಿಎಫ್ ಮತ್ತು ಇಎಸ್‌ಐ ಇದೆಯೋ, ಹಾವೇರಿಯಲ್ಲೋ ಬೆಂಗಳೂರಿನಲ್ಲೋ, ಶೌಚಾಲಯದೊಳಗೆ ಗಾಲಿಕುರ್ಚಿ ಹೋಗುತ್ತದೋ. ಕೇಳಲು ಸಂಕೋಚ ಬೇಡ. ಖಾಸಗಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಕೆಲಸ ಸಿಕ್ಕ ಮಾತ್ರಕ್ಕೆ ರದ್ದಾಗದು. ಅದರ ಜೆರಾಕ್ಸ್ ಬಯೋಡಾಟಾ ಜೊತೆ ಇರಲಿ; ಕಾಗದಪತ್ರ ಹೊಂದಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯು) ಈ ವಾರವೇ ಕಾಣಿ.