ಬೇಸಗೆಯಲ್ಲೂ ಹಸುಗೂಸಿಗೆ ನೀರು ಬೇಡವೇ?



ಮೇ ತಿಂಗಳ ಒಂದು ಮಧ್ಯಾಹ್ನವನ್ನು ನೆನಪಿಸಿಕೊಳ್ಳಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ಯಾವ ಊರಿನಲ್ಲಾದರೂ ಆಗ ಉಷ್ಣತೆ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚೊಚ್ಚಲ ಹೆರಿಗೆಗೆಂದು ಅಕ್ಕ ತವರಿಗೆ ಬಂದಿದ್ದಾಳೆ. ಪಕ್ಕದಲ್ಲಿ ಇಪ್ಪತ್ತು ದಿನದ ಕೂಸು. ಅದು ಅಳುತ್ತದೆ, ತುಟಿ ಚಪ್ಪರಿಸುತ್ತದೆ. "ಕೂಸಿನ ಬಾಯಿ ಒಣಗ್ಯಾದ, ಎರಡ ಚಮಚ ನೀರ್ ಹಾಕ್ರಿ" ಎನ್ನುತ್ತಾಳೆ ಅಜ್ಜಿ. ಮನೆಗೆ ಬಂದ ಆಶಾ ಕಾರ್ಯಕರ್ತೆಯಾದರೋ "ಆರು ತಿಂಗಳು ಒಂದು ಹನಿ ನೀರೂ ಬ್ಯಾಡ್ರಿ ಅಮ್ಮಾ" ಎನ್ನುತ್ತಾರೆ.

ಇಬ್ಬರಿಗೂ ಕೂಸಿನ ಮೇಲೆ ಅಕ್ಕರೆಯೇ. ಆದರೆ ಯಾರ ಮಾತು ಸರಿ? ನಮಗೇ ಗಂಟಲು ಒಣಗುವ ಬಿಸಿಲಿನಲ್ಲಿ ಕೂಸಿಗೆ ಬಾಯಾರಿಕೆ ಆಗುವುದಿಲ್ಲವೇ? ಈ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರವನ್ನು ತಿಳಿಯೋಣ.

ಹಾಲಿನಲ್ಲೇ ನೀರಿದೆ

ಮೊದಲು ಒಂದು ಸರಳ ಲೆಕ್ಕ. 100 ಮಿಲಿ ಲೀಟರ್ ತಾಯಿಯ ಹಾಲಿನಲ್ಲಿ ಸುಮಾರು 88 ಮಿಲಿ ಲೀಟರ್ ನೀರೇ ಇರುತ್ತದೆ. ಎರಡು ಮೂರು ತಿಂಗಳ ಕೂಸು ದಿನಕ್ಕೆ ಸರಾಸರಿ 750 ಮಿಲಿ ಲೀಟರ್ ಹಾಲು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಅದರ ಹೊಟ್ಟೆಗೆ 660 ಮಿಲಿ ಲೀಟರ್‌ನಷ್ಟು ನೀರು ಹಾಲಿನ ಮೂಲಕವೇ ಸೇರಿತು. ಜೊತೆಗೆ, ಹಸುವಿನ ಹಾಲಿಗೆ ಹೋಲಿಸಿದರೆ ತಾಯಿಯ ಹಾಲಿನಲ್ಲಿ ಲವಣಾಂಶ ಬಹಳ ಕಡಿಮೆ. ಆದ್ದರಿಂದ ಆ ಲವಣವನ್ನು ಹೊರಹಾಕಲು ಕೂಸಿನ ಎಳೆಯ ಮೂತ್ರಪಿಂಡಗಳಿಗೆ ಹೆಚ್ಚಿನ ನೀರು ಬೇಕಾಗುವುದಿಲ್ಲ. ಸೆಕೆ ಹೆಚ್ಚಾದಾಗ ಕೂಸು ತಾನಾಗಿಯೇ ಹೆಚ್ಚು ಸಲ ಮೊಲೆ ಕೇಳುತ್ತದೆ. ಆಗೆಲ್ಲ ಕುಡಿಸಿದರೆ ಸಾಕು.

ಇದು ಬರಿಯ ಊಹೆಯಲ್ಲ. ನಮ್ಮ ದೇಶದ ವೈದ್ಯರೇ ದಿಲ್ಲಿಯ ಉರಿಬೇಸಗೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿ, 1991ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರಿಯ ಎದೆಹಾಲು ಕುಡಿದ ಕೂಸುಗಳಿಗೂ, ಎದೆಹಾಲಿನ ಜೊತೆ ನೀರು ಕುಡಿದ ಕೂಸುಗಳಿಗೂ ಮೂತ್ರದ ಪ್ರಮಾಣದಲ್ಲಾಗಲಿ, ತೂಕದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರು ಕುಡಿದ ಕೂಸುಗಳು ಕುಡಿದ ಹಾಲು ಮಾತ್ರ ತುಸು ಕಡಿಮೆಯಾಗಿತ್ತು.

ನೀರು ಕುಡಿಸಿದರೆ ಆಗುವ ನಷ್ಟ

ಅಪಾಯ ಇರುವುದೇ ಇಲ್ಲಿ. ಕೂಸಿನ ಹೊಟ್ಟೆ ಬಹಳ ಚಿಕ್ಕದು. ನೀರು ತುಂಬಿದ ಜಾಗದಲ್ಲಿ ಹಾಲಿಗೆ ಸ್ಥಳವಿಲ್ಲ. ನೀರಿನಲ್ಲಿ ಕೊಬ್ಬಿಲ್ಲ, ಪ್ರೋಟೀನ್ ಇಲ್ಲ, ರೋಗ ತಡೆಯುವ ಗುಣವೂ ಇಲ್ಲ. ಹೊಟ್ಟೆ ತುಂಬಿದಂತಾಗಿ ಕೂಸು ಮಲಗುತ್ತದೆ, ಆದರೆ ಅದಕ್ಕೆ ಪೋಷಣೆ ದೊರೆತಿರುವುದಿಲ್ಲ.

ಎರಡನೆಯದು ರೋಗಾಣುಗಳ ಭಯ. ಬೇಸಗೆಯಲ್ಲಿ ನೀರಿನ ಅಭಾವವಿರುವ ಹಳ್ಳಿಗಳಲ್ಲಿ ನೀರು ಕೊಳವೆಬಾವಿಯಿಂದಲೋ ಟ್ಯಾಂಕರಿನಿಂದಲೋ ಬಂದು, ಕೊಡದಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಅದೇ ಕೊಡಕ್ಕೆ ಹತ್ತು ಕೈಗಳು ಹೋಗುತ್ತವೆ. ದೊಡ್ಡವರು ತಾಳಿಕೊಳ್ಳುವ ರೋಗಾಣು ಕೂಸಿಗೆ ವಾಂತಿಭೇದಿ ತರಬಲ್ಲದು. ಜಗತ್ತಿನಲ್ಲಿ ಎದೆಹಾಲುಣಿಸುವ ಕ್ರಮ ಚೆನ್ನಾಗಿ ಹರಡಿದರೆ ವರ್ಷಕ್ಕೆ ಸುಮಾರು 8 ಲಕ್ಷ 20 ಸಾವಿರ ಮಕ್ಕಳ ಸಾವನ್ನು ತಪ್ಪಿಸಬಹುದೆಂದು 2016ರಲ್ಲಿ ತಜ್ಞರು ಅಂದಾಜು ಮಾಡಿದರು.

ಗಿಣ್ಣ ಕಲಿಸುವ ಪಾಠ

ನಿಮ್ಮ ಮನೆಯಲ್ಲಿ ಆಕಳೋ ಎಮ್ಮೆಯೋ ಈದದ್ದನ್ನು ನೋಡಿದ್ದೀರಲ್ಲವೇ? ಮೊದಲ ಹಾಲನ್ನು ಕರು ಕುಡಿಯಲೇಬೇಕು, ಇಲ್ಲದಿದ್ದರೆ ಅದು ಬದುಕುವುದು ಕಷ್ಟವೆಂದು ಯಾವ ಒಕ್ಕಲಿಗನಿಗೂ ಹೇಳಿಕೊಡಬೇಕಾಗಿಲ್ಲ. ಕರುವಿಗೆ ಕುಡಿಸಿ ಉಳಿದುದರಿಂದ ಗಿಣ್ಣ ಮಾಡಿ ನೆರೆಮನೆಗೂ ಹಂಚುತ್ತೇವೆ. ಆದರೆ ಮನೆಮಗಳು ಹೆತ್ತಾಗ ಅದೇ ಹಳದಿ ಬಣ್ಣದ ಮಂದ ಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ!

ಆ ಹಾಲಿನಲ್ಲಿ ಪ್ರತಿಕಾಯಗಳೂ 'ಎ' ಜೀವಸತ್ವವೂ ಹೇರಳವಾಗಿವೆ. ಕೂಸಿನ ಹೊಟ್ಟೆಯಲ್ಲಿರುವ ಕಪ್ಪನೆಯ ಮೊದಲ ಮಲ ಹೊರಹೋಗಲು ಅದು ನೆರವಾಗುತ್ತದೆ. ಅದನ್ನು ಕೂಸಿನ ಮೊದಲ ಲಸಿಕೆ ಎಂದು ಕರೆಯುವುದು ಇದಕ್ಕಾಗಿಯೇ. ಮೊದಲ ದಿನ ಅದು ಬರುವುದು ಸ್ವಲ್ಪವೇ, ಕೂಸಿಗೆ ಬೇಕಾದದ್ದೂ ಅಷ್ಟೇ. ಆದ್ದರಿಂದ "ಹಾಲು ಬಂದಿಲ್ಲ" ಎಂದು ಸಕ್ಕರೆ ನೀರು, ಬೆಲ್ಲದ ನೀರು, ಹರಳೆಣ್ಣೆ, ಬಜೆ ಇವನ್ನು ನೆಕ್ಕಿಸಬಾರದು. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗೂಸಿನ ನರಗಳಿಗೆ ವಿಷವಾಗಬಲ್ಲದು.

ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಆದರೆ ಮೊದಲ ಗಂಟೆಯಲ್ಲಿ ಎದೆಹಾಲು ದೊರೆತದ್ದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ. ಆಸ್ಪತ್ರೆ ತಲುಪಿದರಷ್ಟೇ ಸಾಲದು ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಕುಡಿದಷ್ಟೂ ಹಾಲು

ಕೂಸು ಮೊಲೆ ಚೀಪಿದಾಗ ಆ ಸುದ್ದಿ ನರಗಳ ಮೂಲಕ ತಾಯಿಯ ಮಿದುಳಿಗೆ ಮುಟ್ಟುತ್ತದೆ. ಅಲ್ಲಿನ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನುಗಳನ್ನು ಬಿಡುತ್ತದೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಹೆಚ್ಚು ಚೀಪಿದರೆ ಹೆಚ್ಚು ಹಾಲು, ಕಡಿಮೆ ಚೀಪಿದರೆ ಕಡಿಮೆ ಹಾಲು. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಹೆಚ್ಚಾಗಿರುವುದರಿಂದ ರಾತ್ರಿಯೂ ಕುಡಿಸಬೇಕು. ಚಿಂತೆ, ನೋವು, ಗದರಿಕೆಗಳು ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡಿ ತರುತ್ತವೆ. "ನಿನಗ ಹಾಲs ಇಲ್ಲ" ಎಂಬ ಚುಚ್ಚುಮಾತು ಇದ್ದ ಹಾಲನ್ನೂ ತಡೆಯಬಲ್ಲದು ಎಂಬುದನ್ನು ಮನೆಯವರು ಮರೆಯಬಾರದು.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಮೊದಲ ವಾರ ಕಳೆದ ಮೇಲೆ ಕೂಸು 24 ಗಂಟೆಗಳಲ್ಲಿ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಹುಟ್ಟಿದ ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಮತ್ತೆ ಕೂಡುವುದು ಸಹಜ. ಕೂಸು ಮೊಲೆ ಹಿಡಿಯದಿದ್ದರೆ, ಮಂಕಾಗಿದ್ದರೆ, ಮೈ ಸುಡುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಬರೆದುಕೊಟ್ಟ ಔಷಧಿ, ಜೀವಸತ್ವದ ಹನಿ, ಭೇದಿಯಾದಾಗ ಅವರು ಹೇಳಿದ ಓ.ಆರ್.ಎಸ್. ದ್ರಾವಣ - ಇವುಗಳಿಗೆ "ಬರಿಯ ಎದೆಹಾಲು" ಎಂಬ ನಿಯಮ ಅಡ್ಡಬರುವುದಿಲ್ಲ.

ದುಡಿಯುವ ತಾಯಿಯ ಕಷ್ಟ

ಹೇಳುವುದು ಸುಲಭ, ನಡೆಸುವುದು ಕಷ್ಟ ಎನ್ನುವಿರಾ? ನಿಜ. 2017ರ ತಿದ್ದುಪಡಿಯು ಹೆರಿಗೆಯ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಅದು ಸರಿಸುಮಾರು ಆರು ತಿಂಗಳು. ಆದರೆ ಹೊಲದ ಕೂಲಿಯ ತಾಯಿಗೆ, ಕಬ್ಬು ಕಡಿಯಲೆಂದೋ ಕಟ್ಟಡದ ಕೆಲಸಕ್ಕೆಂದೋ ಗುಳೆ ಹೋಗುವ ತಾಯಿಗೆ ಈ ರಜೆ ಎಲ್ಲಿಂದ ಬರಬೇಕು? ಅಂಥವರು ಕೈತೊಳೆದು, ಹಾಲನ್ನು ಸ್ವಚ್ಛವಾದ ಮುಚ್ಚಳದ ಬಟ್ಟಲಿಗೆ ಹಿಂಡಿ ಇಟ್ಟು ಹೋಗಬಹುದು. ತಂಪಾದ ಕೋಣೆಯಲ್ಲಿ ಅದು ನಾಲ್ಕು ಗಂಟೆ ಇರುತ್ತದೆ. ಉರಿಬಿಸಿಲಿನ ದಿನಗಳಲ್ಲಿ ಅಷ್ಟು ಹೊತ್ತು ಕಾಯಬಾರದು. ಅದನ್ನು ಒಳಲೆಯಿಂದಲೋ ಚಮಚದಿಂದಲೋ ಕುಡಿಸಬೇಕು. ತೊಳೆಯಲು ಕಷ್ಟವಾದ ಬಾಟಲಿ ಬೇಡ. ಬಾಟಲಿ ಮತ್ತು ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶ 1992ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ.

ಆರು ತಿಂಗಳು ತುಂಬಿದ ಮೇಲೆ ಬೇಳೆಯಲ್ಲಿ ಕಿವುಚಿದ ಅನ್ನ, ಮೆತ್ತಗೆ ನೆನೆಸಿದ ರೊಟ್ಟಿ ಮುಂತಾದ ಊಟವನ್ನು ಆರಂಭಿಸಿ, ಎರಡು ವರ್ಷದವರೆಗೂ ಅದರಾಚೆಗೂ ಎದೆಹಾಲನ್ನು ಮುಂದುವರಿಸಬೇಕು.

ನಿಮ್ಮ ಪಾಲಿನ ಕೆಲಸ

ವಿದ್ಯಾರ್ಥಿಗಳಾದ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಅಕ್ಕನಿಗೋ ಅತ್ತಿಗೆಗೋ ಮಗುವಾದಾಗ ಮನೆಯಲ್ಲಿ ಇರುವವರು ನೀವೇ. ಹುಡುಗರಾಗಲಿ ಹುಡುಗಿಯರಾಗಲಿ, ನೀರಿನ ಕೊಡ ಹೊತ್ತು, ಬಟ್ಟೆ ಒಗೆದು, ಬಾಣಂತಿಗೆ ವಿಶ್ರಾಂತಿ ಕೊಡಬಲ್ಲಿರಿ. ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದಾಗ ಅವರನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಿ, ಮೇಲಿನ ಲೆಕ್ಕವನ್ನು ಮೂವರೂ ಮಾತಾಡಿ. ಅಜ್ಜಿಯನ್ನು ಗದರಿಸಬೇಡಿ, ಗಿಣ್ಣದ ಮಾತು ತೆಗೆಯಿರಿ. ಅದು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿ ಇದೆ. ಅದು ತಪ್ಪು. ಅಂಟಿನ ಉಂಡೆ, ಅಳ್ವಿ ಪಾಯಸದ ಜೊತೆಗೆ ರೊಟ್ಟಿ, ಕಾಳು, ಸೊಪ್ಪು ಎಲ್ಲವೂ ಆಕೆಗೆ ಬೇಕು, ಬಾಯಾರಿದಾಗೆಲ್ಲ ನೀರೂ ಬೇಕು. ಆದ್ದರಿಂದ ಮೇ ತಿಂಗಳ ಆ ಮಧ್ಯಾಹ್ನ ಅಜ್ಜಿ ನೀರು ಕೇಳಿದರೆ ಇಲ್ಲವೆನ್ನಬೇಡಿ. ಒಂದು ತಂಬಿಗೆ ತುಂಬ ತಂದು ಅಕ್ಕನ ಕೈಗೆ ಕೊಡಿ. ಕೂಸಿಗೆ ಬೇಕಾದ ನೀರು ಅವಳ ಎದೆಯಿಂದಲೇ ಬರುತ್ತದೆ.