ಪಶ್ಚಿಮ ಘಟ್ಟದ ಘಾಟಿ ರಸ್ತೆಗಳಲ್ಲಿ ಮೋಟಾರ್‌ಸೈಕಲ್ ಪ್ರವಾಸದ ಮಾರ್ಗಯೋಜನೆ

ಕರ್ನಾಟಕದ ಮಲೆನಾಡನ್ನು ಕರಾವಳಿಯೊಂದಿಗೆ ಜೋಡಿಸುವ ಹಲವು ಘಾಟಿ ರಸ್ತೆಗಳನ್ನು ಒಂದೇ ಪ್ರವಾಸದಲ್ಲಿ ಮೋಟಾರ್‌ಸೈಕಲ್ ಮೇಲೆ ಏರಿ ಇಳಿಯುವ ರೂಢಿ ರಾಜ್ಯದ ಸವಾರರಲ್ಲಿ ಇದೆ. ಇಂತಹ ಪ್ರವಾಸಕ್ಕೆ ಘಾಟಿಗಳ ಆಯ್ಕೆ, ಅವುಗಳ ಕ್ರಮ, ಹೊರಡುವ ಕಾಲ, ದಿನದ ದೂರ, ತಂಗುವ ಊರು ಮತ್ತು ಬದಲಿ ದಾರಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದನ್ನು ಮಾರ್ಗಯೋಜನೆ ಎನ್ನಬಹುದು. ಘಟ್ಟದ ರಸ್ತೆಗಳು ಮಳೆಗಾಲದಲ್ಲಿ ಭೂಕುಸಿತದಿಂದ ಮುಚ್ಚುವುದು ಸಾಮಾನ್ಯವಾದ ಕಾರಣ ಬದಲಿ ದಾರಿಯ ಲೆಕ್ಕಾಚಾರವೇ ಈ ಯೋಜನೆಯ ಮುಖ್ಯ ಭಾಗವಾಗಿದೆ. ಘಟ್ಟದಿಂದ ದೂರವಿರುವ ಕಲಬುರಗಿ ಜಿಲ್ಲೆಯ ಕಾಳಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಮೊದಲಾದ ಕಡೆಗಳಿಂದ ಹೊರಡುವವರಿಗೆ ಬಯಲುಸೀಮೆಯ ದೀರ್ಘ ಪ್ರಯಾಣವೂ ಈ ಲೆಕ್ಕದಲ್ಲಿ ಸೇರುತ್ತದೆ.

ಆಲ್ಪ್ಸ್‌ನೊಂದಿಗೆ ಹೋಲಿಕೆ

ಪರ್ವತ ಕಣಿವೆಮಾರ್ಗಗಳ ಮೋಟಾರ್‌ಸೈಕಲ್ ಪ್ರವಾಸಕ್ಕೆ ಜಗತ್ತಿನಲ್ಲಿ ಹೆಚ್ಚು ಹೆಸರಾದುದು ಯುರೋಪಿನ ಆಲ್ಪ್ಸ್. ಇಟಲಿಯ ಸ್ಟೆಲ್ವಿಯೊ ಕಣಿವೆಮಾರ್ಗ 2,757 ಮೀಟರ್ ಎತ್ತರದಲ್ಲಿದ್ದು, ಅದರ ಒಂದು ಬದಿಯಲ್ಲಿಯೇ 48 ಹೇರ್‌ಪಿನ್ ತಿರುವುಗಳಿವೆ. ಅಲ್ಲಿನ ಎತ್ತರದ ಮಾರ್ಗಗಳನ್ನು ಮುಚ್ಚಿಸುವುದು ಹಿಮ. ಆದ್ದರಿಂದ ಸವಾರರು ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳುತ್ತಾರೆ. ಕರ್ನಾಟಕದ ಘಾಟಿಗಳು ಇದರ ಕಾಲುಭಾಗದಷ್ಟೂ ಎತ್ತರವಿಲ್ಲದಿರುವುದುಂಟು; ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಇಲ್ಲಿ ರಸ್ತೆ ಮುಚ್ಚಿಸುವುದು ಮಳೆ. ಆಲ್ಪ್ಸ್ ಪ್ರವಾಸಕ್ಕೆ ಯೋಗ್ಯವಾದ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಘಟ್ಟದಲ್ಲಿ ಅತ್ಯಂತ ಅಪಾಯದ ತಿಂಗಳುಗಳು.

ಭೂರಚನೆಯ ವ್ಯತ್ಯಾಸವೂ ಮುಖ್ಯವಾಗಿದೆ. ಆಲ್ಪ್ಸ್‌ನಲ್ಲಿ ಪರ್ವತಶ್ರೇಣಿಗಳು ಒಂದರ ಹಿಂದೆ ಒಂದಾಗಿ ಹಬ್ಬಿರುವುದರಿಂದ ಒಂದು ಕಣಿವೆಮಾರ್ಗವನ್ನು ಇಳಿದಲ್ಲಿಯೇ ಇನ್ನೊಂದರ ಏರು ಸಿಗುತ್ತದೆ. ಪಶ್ಚಿಮ ಘಟ್ಟವು ಕರಾವಳಿಗೆ ಸಮಾನಾಂತರವಾಗಿ ಎದ್ದುನಿಂತ ಒಂದೇ ಗೋಡೆಯಂತಿದೆ. ಹೀಗಾಗಿ ಇಲ್ಲಿನ ದಾರಿಯ ನಕ್ಷೆ ಏಣಿಯ ಆಕಾರ ಪಡೆಯುತ್ತದೆ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಏಣಿಯ ಒಂದು ಕಾಲು, ಯಲ್ಲಾಪುರ, ಶಿರಸಿ, ಸಾಗರ, ತೀರ್ಥಹಳ್ಳಿ, ಕೊಪ್ಪ, ಮೂಡಿಗೆರೆ, ಸಕಲೇಶಪುರಗಳನ್ನು ಜೋಡಿಸುವ ಮಲೆನಾಡಿನ ರಸ್ತೆಗಳು ಇನ್ನೊಂದು ಕಾಲು, ಘಾಟಿಗಳು ಮೆಟ್ಟಿಲುಗಳು. ಒಂದು ಘಾಟಿ ಇಳಿದು, ಕರಾವಳಿಯಲ್ಲಿ ಸ್ವಲ್ಪ ದೂರ ಸಾಗಿ, ಮತ್ತೊಂದು ಘಾಟಿ ಏರುವುದು ವಾಡಿಕೆ. ಒಂದು ಮೆಟ್ಟಿಲು ಮುರಿದರೆ ಮುಂದಿನದಕ್ಕೆ ಸರಿಯಬಹುದೆಂಬುದು ಈ ರಚನೆಯ ಅನುಕೂಲ.

ಪ್ರಮುಖ ಘಾಟಿಗಳು

ಉತ್ತರದಿಂದ ಎಣಿಸಿದರೆ ಮೊದಲಿಗೆ ಜೊಯಿಡಾ ಕಡೆಯಿಂದ ಕದ್ರಾ ಮೂಲಕ ಕಾರವಾರಕ್ಕಿಳಿಯುವ ಅಣಶಿ ಘಾಟಿ ಸಿಗುತ್ತದೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುತ್ತದೆ, ಜನವಸತಿ ಕಡಿಮೆ. ಯಲ್ಲಾಪುರ ಮತ್ತು ಅಂಕೋಲಾ ನಡುವಿನ ಅರಬೈಲ್ ಘಾಟಿ ರಾಷ್ಟ್ರೀಯ ಹೆದ್ದಾರಿ 52ರಲ್ಲಿದ್ದು, ಲಾರಿಗಳ ಸಾಲು ಇಲ್ಲಿನ ಮುಖ್ಯ ತೊಡಕು. ಶಿರಸಿ ಮತ್ತು ಕುಮಟಾ ನಡುವೆ ದೇವಿಮನೆ ಘಾಟಿಯಿದೆ. ಕೊಲ್ಲೂರಿನಿಂದ ಮೇಲೇರುವ ನಾಗೋಡಿ ಘಾಟಿ, ಹೊಸಂಗಡಿ ಕಡೆಯಿಂದ ಏರುವ ಹುಲಿಕಲ್ ಅಥವಾ ಬಾಳೆಬರೆ ಘಾಟಿ ಕುಂದಾಪುರದ ಕಡೆಯನ್ನು ಶಿವಮೊಗ್ಗ ಜಿಲ್ಲೆಗೆ ಜೋಡಿಸುತ್ತವೆ. ಹುಲಿಕಲ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು.

ಆಗುಂಬೆ ಘಾಟಿ ರಾಷ್ಟ್ರೀಯ ಹೆದ್ದಾರಿ 169ಎ ಮೇಲಿದ್ದು, ಸೋಮೇಶ್ವರದವರೆಗಿನ ಸುಮಾರು 10 ಕಿ.ಮೀ. ಇಳಿಜಾರಿನಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವುಗಳು ಬಹಳ ಕಿರಿದಾಗಿದ್ದು, ಮಳೆಗಾಲದಲ್ಲಿ ಭಾರೀ ವಾಹನಗಳ ಸಂಚಾರವನ್ನು ಆಗಾಗ ನಿಷೇಧಿಸಲಾಗುತ್ತದೆ. ಸೂರ್ಯಾಸ್ತ ವೀಕ್ಷಣಾ ಸ್ಥಳದಲ್ಲಿ ಸಂಜೆ ವಾಹನಗಳು ರಸ್ತೆಯಂಚಿನಲ್ಲಿಯೇ ನಿಲ್ಲುತ್ತವೆ. ಪ್ರವಾಸಿಗರು ತಿಂಡಿ ಹಾಕಿ ರೂಢಿ ಮಾಡಿಸಿದ ಮಂಗಗಳು ತಿರುವಿನಲ್ಲಿ ಏಕಾಏಕಿ ರಸ್ತೆಗಿಳಿಯುತ್ತವೆ. ದ್ವಿಚಕ್ರ ಸವಾರರಿಗೆ ಇಲ್ಲಿ ಬೆಳಗಿನ ಹೊತ್ತು ಉತ್ತಮ.

ಇನ್ನೂ ದಕ್ಷಿಣಕ್ಕೆ, ಕಾರ್ಕಳ ಬಳಿಯ ಬಜಗೋಳಿಯಿಂದ ಎಸ್.ಕೆ. ಬಾರ್ಡರ್ ಮೂಲಕ ಕುದುರೆಮುಖ ಮತ್ತು ಕಳಸಕ್ಕೆ ಹೋಗುವ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಸಾಗುತ್ತದೆ. ಅರಣ್ಯ ಇಲಾಖೆಯ ತಪಾಸಣಾ ಠಾಣೆಗಳಲ್ಲಿ ಪ್ರವೇಶದ ಸಮಯ ನಮೂದಿಸಿದ ಚೀಟಿ ಪಡೆದು, ದಾರಿಯಲ್ಲಿ ನಿಲ್ಲದೆ ಇನ್ನೊಂದು ಠಾಣೆಯನ್ನು ದಾಟಬೇಕಾಗುತ್ತದೆ. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗಿಳಿಯುವ ಚಾರ್ಮಾಡಿ ರಾಷ್ಟ್ರೀಯ ಹೆದ್ದಾರಿ 73ರಲ್ಲಿಯೂ, ಸಕಲೇಶಪುರದಿಂದ ಗುಂಡ್ಯಕ್ಕಿಳಿಯುವ ಶಿರಾಡಿ ಹೆದ್ದಾರಿ 75ರಲ್ಲಿಯೂ, ಮಡಿಕೇರಿಯಿಂದ ಸುಳ್ಯಕ್ಕಿಳಿಯುವ ಸಂಪಾಜೆ ಹೆದ್ದಾರಿ 275ರಲ್ಲಿಯೂ ಇವೆ. ಸಕಲೇಶಪುರ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಿಸಿಲೆ ಘಾಟಿಯ ಕಾಡಿನ ದಾರಿಯೂ ಇದೆ.

ರಸ್ತೆ ಮುಚ್ಚುವಿಕೆ ಮತ್ತು ಬದಲಿ ದಾರಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತಗಳಿಂದ ಸಂಪಾಜೆ ಮಾರ್ಗ ಕಡಿದುಹೋಯಿತು. ಅದೇ ತಿಂಗಳು ಶಿರಾಡಿಯಲ್ಲಿಯೂ ಗುಡ್ಡ ಕುಸಿಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಅನೇಕ ಕಡೆ ಕುಸಿದು ಮುಚ್ಚಲ್ಪಟ್ಟಿತು. ಮುಂದೆ ತೆರೆದಾಗಲೂ ಮೊದಲು ಲಘು ವಾಹನಗಳಿಗಷ್ಟೇ ಅವಕಾಶವಿತ್ತು. 2021ರ ಜುಲೈನಲ್ಲಿ ಅರಬೈಲ್ ಘಾಟಿಯಲ್ಲಿ ಹೆದ್ದಾರಿ ಕುಸಿಯಿತು. 2024ರ ಜುಲೈನಲ್ಲಿ ಶಿರಾಡಿ ಮತ್ತೆ ಹಲವು ಬಾರಿ ಬಂದ್ ಆಯಿತು. ಈ ಪಟ್ಟಿಯನ್ನು ನೋಡಿದರೆ ಯಾವ ಘಾಟಿಯೂ ಖಚಿತವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಏಣಿಯ ಕಾಲೇ ಮುರಿಯುವ ಸಂದರ್ಭವೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ನ್ನು ಮುಚ್ಚಿತು. ರಸ್ತೆಬದಿಯ ಚಹಾದಂಗಡಿ, ನಿಲ್ಲಿಸಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಸರಿದು ಹಲವರು ಪ್ರಾಣ ಕಳೆದುಕೊಂಡರು. ಅರಬೈಲ್ ಇಳಿದು ಕುಮಟಾ ಕಡೆ ಹೋಗಿ ದೇವಿಮನೆ ಏರುವ ಪ್ರಚಲಿತ ಸುತ್ತು ಇದೇ ಸ್ಥಳದ ಮೂಲಕ ಹಾಯುತ್ತದೆ. ಮಳೆಗಾಲದಲ್ಲಿ ಕಡಿದಾದ ಗುಡ್ಡದ ಬುಡದಲ್ಲಿ ಚಹಾಕ್ಕಾಗಲಿ, ಛಾಯಾಚಿತ್ರಕ್ಕಾಗಲಿ, ಮಳೆಯಂಗಿ ತೊಡುವುದಕ್ಕಾಗಲಿ ಬಂಡಿ ನಿಲ್ಲಿಸಬಾರದೆಂಬ ಎಚ್ಚರಿಕೆಗೆ ಶಿರೂರು ಕಹಿಯಾದ ಉದಾಹರಣೆ.

ಬದಲಿ ದಾರಿಯನ್ನು ಗುರುತಿಸುವಾಗ ದೂರದ ಜೊತೆಗೆ ಸಂಚಾರದ ಒತ್ತಡವನ್ನೂ ಲೆಕ್ಕಿಸಬೇಕು. ಸಕಲೇಶಪುರದಿಂದ ಮೂಡಿಗೆರೆ ಮೂಲಕ ಕೊಟ್ಟಿಗೆಹಾರಕ್ಕೆ ಸುಮಾರು 55 ಕಿ.ಮೀ. ಮಾತ್ರ. ಆದರೆ ಶಿರಾಡಿ ಮುಚ್ಚಿದ ದಿನ ಅಲ್ಲಿನ ಕಾರು, ಬಸ್ಸುಗಳೆಲ್ಲ ಚಾರ್ಮಾಡಿಗೆ ತಿರುಗುವುದರಿಂದ ಅಲ್ಲಿ ತಾಸುಗಟ್ಟಲೆ ಕಾಯಬೇಕಾಗಬಹುದು. ಇಂತಹ ದಿನ ಎರಡು ಮೆಟ್ಟಿಲು ಆಚೆಗಿನ ಘಾಟಿಗೆ ಹೋಗುವುದು ಅಥವಾ ಮಲೆನಾಡಿನಲ್ಲಿಯೇ ಒಂದು ರಾತ್ರಿ ತಂಗುವುದು ಮೇಲು. ಯೋಜನೆಯಲ್ಲಿ ಕನಿಷ್ಠ ಒಂದು ದಿನವನ್ನು ಖಾಲಿ ಬಿಟ್ಟುಕೊಳ್ಳದವರು ಕೊನೆಗೆ ರಾತ್ರಿಯಲ್ಲಿ, ಮಂಜಿನಲ್ಲಿ ಘಾಟಿ ಇಳಿಯುವ ಒತ್ತಡಕ್ಕೆ ಸಿಲುಕುತ್ತಾರೆ.

ಸಂಚಾರ ನಿರ್ಬಂಧದ ಆದೇಶಗಳನ್ನು ಆಯಾ ಜಿಲ್ಲಾಧಿಕಾರಿಗಳು ಹೊರಡಿಸುತ್ತಾರೆ. ಬಹುತೇಕ ಘಾಟಿಗಳ ತಲೆ ಒಂದು ಜಿಲ್ಲೆಯಲ್ಲಿ, ಬುಡ ಇನ್ನೊಂದು ಜಿಲ್ಲೆಯಲ್ಲಿ ಇರುವುದರಿಂದ ಎರಡೂ ಜಿಲ್ಲೆಗಳ ಪ್ರಕಟಣೆಗಳನ್ನು ನೋಡುವುದು ಅಗತ್ಯ. ಚಾರ್ಮಾಡಿಗೆ ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ, ಆಗುಂಬೆಗೆ ಶಿವಮೊಗ್ಗ ಮತ್ತು ಉಡುಪಿ. ಭಾರತೀಯ ಹವಾಮಾನ ಇಲಾಖೆಯು 24 ತಾಸುಗಳಲ್ಲಿ 115.6 ಮಿ.ಮೀ.ಯಿಂದ 204.4 ಮಿ.ಮೀ.ವರೆಗಿನ ಮಳೆಯನ್ನು ಅತಿ ಭಾರಿ ಎಂದೂ, ಅದಕ್ಕೂ ಮೀರಿದ್ದನ್ನು ಅತ್ಯಂತ ಭಾರಿ ಎಂದೂ ವರ್ಗೀಕರಿಸುತ್ತದೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇರುವ ದಿನ ಘಾಟಿಯನ್ನು ಕೈಬಿಡುವುದು ಸೂಕ್ತ. ಮಳೆ ನಿಂತ ಮರುದಿನವೂ ನೆನೆದ ಮಣ್ಣು ಕುಸಿಯಬಲ್ಲದು.

ಕಾಳಗಿ ಭಾಗದಿಂದ ಹೊರಡುವ ದಾರಿ

2018ರಲ್ಲಿ ತಾಲ್ಲೂಕು ಕೇಂದ್ರವಾದ ಕಾಳಗಿಯ ಸುತ್ತಲಿನ ನೆಲ ಬಹುತೇಕ ಸಮತಟ್ಟಾಗಿದ್ದು, ತೊಗರಿ ಹೊಲಗಳು ಮತ್ತು ಸುಣ್ಣಕಲ್ಲಿನ ಗಣಿಗಳಿಂದ ಕೂಡಿದೆ. ಇಲ್ಲಿನ ಸವಾರರಿಗೆ ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಲಾರಿಗಳ ನಡುವೆ ನೇರ ರಸ್ತೆಯಲ್ಲಿ ಓಡಿಸುವ ರೂಢಿ ಇರುತ್ತದೆ. ಏರುತಿರುವಿನಲ್ಲಿ ಹೊರೆ ಹೊತ್ತ ಬಂಡಿಯನ್ನು ತಿರುಗಿಸುವ ಅಭ್ಯಾಸ ಕಡಿಮೆ. ಅದಕ್ಕೆ ಹತ್ತಿರದ ತಾಣಗಳು ಎರಡು. ಚಿಂಚೋಳಿ ತಾಲ್ಲೂಕಿನಲ್ಲಿ ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ ಮತ್ತು ಕುಂಚಾವರಂ ಅರಣ್ಯದ ರಸ್ತೆಗಳು ಸಣ್ಣ ಏರಿಳಿತಗಳನ್ನು ಹೊಂದಿವೆ. ತೆಲಂಗಾಣದ ತಾಂಡೂರು ದಾಟಿದರೆ ವಿಕಾರಾಬಾದ್ ಬಳಿ ಅನಂತಗಿರಿ ಬೆಟ್ಟಗಳ ತಿರುವುಗಳು ಸಿಗುತ್ತವೆ. ಮಳಖೇಡದ ಬಳಿ ಹರಿಯುವ ಕಾಗಿಣಾ ನದಿಯ ಉಗಮವೂ ಅದೇ ಬೆಟ್ಟಸಾಲು. ಪೂರ್ತಿ ಸಾಮಾನು ಮತ್ತು ಹಿಂಬದಿ ಸವಾರರೊಂದಿಗೆ ಒಂದು ದಿನ ಅಲ್ಲಿಗೆ ಹೋಗಿಬಂದರೆ ಚೀಲಗಳ ಕಟ್ಟು ಸಡಿಲವೇ, ಬ್ರೇಕು ಸಾಕೇ ಎಂಬುದು ತಿಳಿಯುತ್ತದೆ.

ಘಟ್ಟದ ದಾರಿ ಕಲಬುರಗಿಯಿಂದ ಆರಂಭವಾಗುತ್ತದೆ. ಹೆದ್ದಾರಿ 50ರಲ್ಲಿ ಜೇವರ್ಗಿ, ಸಿಂದಗಿ ಮೂಲಕ ವಿಜಯಪುರ, ಅಲ್ಲಿಂದ ಹೆದ್ದಾರಿ 52ರಲ್ಲಿ ಹುಬ್ಬಳ್ಳಿ. ಕಲಬುರಗಿಯಿಂದ ಒಟ್ಟು ಸುಮಾರು 350 ಕಿ.ಮೀ. ಇದೇ ಹೆದ್ದಾರಿ 52 ಮುಂದುವರಿದು ಅರಬೈಲ್ ಘಾಟಿ ಇಳಿಯುತ್ತದೆ. ನಕ್ಷೆಯಲ್ಲಿ ಒಂದೇ ಗೆರೆಯಾಗಿ ಕಾಣುವ ಕಾರಣ ಕೆಲವರು ಒಂದೇ ದಿನದಲ್ಲಿ ಕಡಲತೀರ ಮುಟ್ಟಲು ಹೊರಡುತ್ತಾರೆ. ದಿನವಿಡೀ ಬಿಸಿಲಿನಲ್ಲಿ ಓಡಿಸಿ ದಣಿದ ಸವಾರ ಕತ್ತಲಾದ ಮೇಲೆ ಲಾರಿಗಳ ನಡುವೆ ಅರಬೈಲ್‌ಗೆ ಬರುವುದು ಇದರ ಪರಿಣಾಮ. ಮೊದಲ ರಾತ್ರಿ ಹುಬ್ಬಳ್ಳಿಯಲ್ಲಿ ತಂಗುವುದು ವಿವೇಕದ ಕ್ರಮ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಘಾಟಿಗಳಲ್ಲಿ ರಸ್ತೆ ಬಹುಮಟ್ಟಿಗೆ ಒಣಗಿರುತ್ತದೆ. ಆದರೆ ಇದೇ ಅವಧಿ ಬಯಲಿನಲ್ಲಿ ಸುಗ್ಗಿಯ ಕಾಲ. ಹಳ್ಳಿ ರಸ್ತೆಗಳ ಮೇಲೆ ರಾಶಿಗಾಗಿ ಹರಡಿದ ತೊಗರಿ ಕಟ್ಟಿಗೆ ಮತ್ತು ಹೊಟ್ಟಿನಲ್ಲಿ ದ್ವಿಚಕ್ರ ವಾಹನ ಸುಲಭವಾಗಿ ಜಾರುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್‌ಗಳು ರಾತ್ರಿ ಸಂಚರಿಸುತ್ತವೆ. ಪ್ರವಾಸದ ಅಪಾಯವೆಲ್ಲ ಘಟ್ಟದಲ್ಲಿಯೇ ಇದೆಯೆಂದು ಭಾವಿಸಿದವರು ಈ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮಾದರಿ ಸುತ್ತು

ಎರಡನೆಯ ದಿನ ಹುಬ್ಬಳ್ಳಿಯಿಂದ ಅರಬೈಲ್ ಇಳಿದು, ಅಂಕೋಲಾ, ಕುಮಟಾ ಮೂಲಕ ದೇವಿಮನೆ ಏರಿ ಶಿರಸಿ ಸೇರಬಹುದು. ಮೂರನೆಯ ದಿನ ಸಿದ್ದಾಪುರ, ಜೋಗ, ಸಾಗರಗಳ ಮೂಲಕ ತೀರ್ಥಹಳ್ಳಿ. ನಾಲ್ಕನೆಯ ದಿನ ಬೆಳಿಗ್ಗೆ ಆಗುಂಬೆ ಇಳಿದು ಹೆಬ್ರಿ, ಕಾರ್ಕಳ, ಬಜಗೋಳಿ ಮಾರ್ಗವಾಗಿ ಕುದುರೆಮುಖದ ರಸ್ತೆ ಏರಿ ಕಳಸ. ಐದನೆಯ ದಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು, ಧರ್ಮಸ್ಥಳ, ಸುಬ್ರಹ್ಮಣ್ಯಗಳ ಮೂಲಕ ಬಿಸಿಲೆ ಏರಿ ಸಕಲೇಶಪುರ. ಹಿಂದಿರುಗಲು ಹಾಸನ, ಚಿತ್ರದುರ್ಗ ತಲುಪಿ ಹೆದ್ದಾರಿ 50 ಹಿಡಿದರೆ ಹೊಸಪೇಟೆ, ಕುಷ್ಟಗಿ, ವಿಜಯಪುರ ಮಾರ್ಗವಾಗಿ ಕಲಬುರಗಿ ಸೇರಬಹುದು. ಇದಕ್ಕೆ ಎರಡು ದಿನ ಬೇಕು. ದೇವಿಮನೆ ಮುಚ್ಚಿದ್ದರೆ ಅರಬೈಲ್ ಇಳಿಯದೆ ಯಲ್ಲಾಪುರದಿಂದ ನೇರವಾಗಿ ಶಿರಸಿಗೆ, ಆಗುಂಬೆ ಮುಚ್ಚಿದ್ದರೆ ಶೃಂಗೇರಿಯ ಮೂಲಕ ಕಳಸಕ್ಕೆ ಹೋದರೆ ಉಳಿದ ದಿನಗಳ ಕ್ರಮ ಕೆಡುವುದಿಲ್ಲ.

ಘಾಟಿಗಳಲ್ಲಿ ಸರಾಸರಿ ವೇಗವನ್ನು ಗಂಟೆಗೆ 25–30 ಕಿ.ಮೀ. ಎಂದು ಹಿಡಿಯುವುದು ಒಳ್ಳೆಯದು. ಫೋನಿನ ನಕ್ಷೆ ತೋರಿಸುವ ಅವಧಿ ಮಂಜು ಮತ್ತು ಲಾರಿಗಳ ಮುಂದೆ ನಿಲ್ಲುವುದಿಲ್ಲ. ಅಣಶಿ, ಕುದುರೆಮುಖ, ಬಿಸಿಲೆಗಳಲ್ಲಿ ಮೊಬೈಲ್ ಸಂಕೇತ ತಪ್ಪುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬೇಕು. ಘಾಟಿಗೆ ಮುಂಚಿನ ಪಟ್ಟಣದಲ್ಲಿಯೇ ಪೆಟ್ರೋಲ್ ತುಂಬಿಸಬೇಕು.

ಸವಾರಿ ಮತ್ತು ನಿಯಮಗಳು

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಬಂಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡುವುದು ಬಯಲುಸೀಮೆಯ ಸವಾರರಲ್ಲಿ ಕಾಣುವ ಅಭ್ಯಾಸ. ಘಾಟಿಯಲ್ಲಿ ಇದು ಅಪಾಯಕಾರಿ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ; ಸತತ ಒತ್ತುವಿಕೆಯಿಂದ ಬ್ರೇಕು ಕಾದು ಬಲ ಕಳೆದುಕೊಳ್ಳುತ್ತದೆ. ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬುದು ಹಳೆಯ ಚಾಲಕರ ಲೆಕ್ಕ. ತಿರುವಿಗೆ ಮುಂಚೆ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಆದಷ್ಟು ಮುಟ್ಟದಿರಬೇಕು. 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ. ಇದು ಗಾಲಿ ಬಿಗಿಯಾಗಿ ಜಾರುವುದನ್ನು ತಡೆಯುತ್ತದೆ, ಆದರೆ ಪಾಚಿಗಟ್ಟಿದ ರಸ್ತೆಗೆ ಹಿಡಿತವನ್ನು ತಂದುಕೊಡಲಾರದು.

2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಕಡಿದಾದ ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕು. ಹೇರ್‌ಪಿನ್ ತಿರುವಿನಲ್ಲಿ ಬಸ್ಸು ಪೂರ್ತಿ ರಸ್ತೆಯನ್ನು ಬಳಸಿಕೊಳ್ಳುವುದರಿಂದ ಅದು ತಿರುಗಿ ಮುಗಿಯುವವರೆಗೆ ತಿರುವಿನ ಹೊರಗೆ ಕಾಯುವುದೇ ಸರಿ. ಸವಾರ ಮತ್ತು ಹಿಂಬದಿ ಸವಾರ ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ. ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು. ಸಕಲೇಶಪುರದಿಂದ ಇನ್ನೂ ದಕ್ಷಿಣಕ್ಕೆ ಹೋಗುವವರಿಗೆ ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದ ಜಾರಿಯಲ್ಲಿರುವ ಸಂಚಾರ ನಿಷೇಧ ಅನ್ವಯಿಸುತ್ತದೆ. ನೀಲಗಿರಿ ಜಿಲ್ಲೆಯ ಪ್ರವೇಶಕ್ಕೆ 2024ರ ಮೇ ತಿಂಗಳಿಂದ ತಮಿಳುನಾಡು ಸರ್ಕಾರದ ಇ-ಪಾಸ್ ವ್ಯವಸ್ಥೆ ಜಾರಿಗೆ ಬಂದಿದೆ.